ಗುಂತಕಲ್ಲಿನ ಕ್ಷೌರ

ನವೆಂಬರ್ 10, 2024. ಭಾನುವಾರ. ಸಂಜೆ 5.20

ಬಟ್ಟೆ ಮೆಶಿನ್ನಿನಲ್ಲಿ ತಿರುಗುತ್ತಿದೆ. ಇನ್ನೂ ನಲವತ್ತು ನಿಮಿಷ. ಕಟ್ಟಡದ ಒಗೆಯುವ ಕೋಣೆಯಲ್ಲಿ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಐದರಿಂದ ಏಳು ನನ್ನ ಸಮಯ, ಬಾಗಿಲ ಮೇಲಿನ ಪಟ್ಟಿಯಲ್ಲಿ ಹೆಸರಿದೆ. ವಾರದಲ್ಲಿ ತಪ್ಪದೆ ಪಾಲಿಸುವ ಅಪಾಯಿಂಟ್‌ಮೆಂಟ್ ಇದೊಂದೇ.

ಇವತ್ತೂ ಆಸ್ಪೋ ದ್ವೀಪದ ಫೆರಿ ಹತ್ತಿದೆ. ಇವತ್ತೂ ಇಳಿಯಲಿಲ್ಲ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಟಿಕೆಟ್ ಇಲ್ಲ, ಹಾಗಾಗಿ ಯಾರೂ ಏನೂ ಕೇಳುವುದಿಲ್ಲ. ಫೆರಿಯವನು ಈಗ ಗುರುತು ಹಿಡಿದು ತಲೆಯಾಡಿಸುತ್ತಾನೆ. ದಡದಲ್ಲಿ ಬೂದು ಬಣ್ಣದ ಯುದ್ಧನೌಕೆಗಳು. ಕಾರ್ಲ್‌ಸ್ಕ್ರೂನಾ ಸ್ವೀಡನ್ನಿನ ನೌಕಾಪಡೆಯ ಊರು ಎಂದು ಗೊತ್ತಿದ್ದೂ ಇಲ್ಲಿ ಕೆಲಸ ಹಿಡಿದೆ. ಗೊತ್ತಿದ್ದದ್ದರಿಂದಲೇ ಹಿಡಿದೆನೇ? ಇರಲಿ.

ಅಣ್ಣನ ವಾಟ್ಸಾಪ್ ಬಂದದ್ದು ಫೆರಿಯಲ್ಲಿ. ಒಂದು ಫೋಟೊ. ಹಳೆಯ ಕಾಗದ, ಮಡಿಕೆಗಳಿಗೆ ಸೆಲೋಟೇಪು. ನೌಕಾಪಡೆ ಅವನನ್ನು ಬಿಡುಗಡೆ ಮಾಡಿದ ಪತ್ರ. ವೆಂಕಟೇಶ, ನಾವಿಕ, ಸೇವೆ ಎಂಟು ವರ್ಷ. ಕಾರಣ — ದುರ್ನಡತೆ. ಅದರ ಕೆಳಗೆ ಕ್ಯಾರೆಕ್ಟರ್ ಎಂಬ ಕಾಲಂ. ಟೈಪ್ ಮಾಡಿದ ಒಂದೇ ಪದ. ಬ್ಯಾಡ್. ಇಪ್ಪತ್ತೆರಡು ವರ್ಷಗಳಲ್ಲಿ ಈ ಕಾಗದವನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು.

ಹಿಂದೆಯೇ ಒಂದು ವಾಯ್ಸ್ ನೋಟ್. "ನೀರೂ, ಬೆಂಗ್ಳೂರಾಗೆ ಒಬ್ರು ಲಾಯರ್ ಸಿಕ್ಕಾರೆ. ರಾಜಗೋಪಾಲ ಅಂತ, ಅವ್ರೂ ನೇವಿನಾಗಿದ್ದೋರೇ. ಡಿಸ್ಚಾರ್ಜ್ ಬದಲಿ ಮಾಡ್ಸಾಕೆ ಅರ್ಜಿ ಹಾಕಬೌದಂತೆ. ಇಂಗ್ಲಿಷ್‌ನಾಗೆ ಚಂದಾಗಿ ಬರ್ಕೊಡು. ನಮ್ ಮನ್ಯಾಗೆ ಇಂಗ್ಲಿಷ್ ಕಾಗ್ದ ಬರೆಯೋಳು ಮೊದ್ಲಿಂದ ನೀನೇ ಅಲ್ವಾ."

ಈಗ ಏಕೆ ಎಂದು ಕೇಳಿದೆ. ಹೋದ ತಿಂಗಳು ದಾವಣಗೆರೆಯಲ್ಲಿ ಮಾಜಿ ಸೈನಿಕರ ಸಭೆ ಇತ್ತಂತೆ. ಅವನ ಹಡಗಿನ ಇಬ್ಬರು ಗೆಳೆಯರು ಬಾ ಎಂದು ಕರೆದುಕೊಂಡು ಹೋದರಂತೆ. ಬಾಗಿಲಲ್ಲಿ ಬಿಡುಗಡೆ ಪತ್ರ ತೋರಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಇವನು ಒಳಗೆ ಹೋಗಲಿಲ್ಲ. ಸಭೆ ಮುಗಿಯುವವರೆಗೂ ಹೊರಗೆ ಅವರ ಬೈಕುಗಳ ಪಕ್ಕ ನಿಂತಿದ್ದ. "ನಂಗೇನು, ನಿಂತು ಅಭ್ಯಾಸ ಐತಲ್ಲ" ಎಂದು ನಕ್ಕ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ಅವನು. ಆಮೇಲೆ ನಗದೆ ಹೇಳಿದ. "ಆ ಒಂದು ಪದ ತೆಗೆಸ್ಬೇಕು ನೀರೂ. ಅಷ್ಟೇ."

ಆ ಪದಕ್ಕೆ ಕಾರಣ ಎರಡು. ಅಪ್ಪ ಸತ್ತನೆಂದು ಸುಳ್ಳು ಟೆಲಿಗ್ರಾಂ ತರಿಸಿಕೊಂಡು ರಜೆ ಪಡೆದದ್ದು. ರಜೆ ಮುಗಿದ ಮೇಲೂ ಮೂವತ್ತೆಂಟು ದಿನ ಹಡಗಿಗೆ ಮರಳದೇ ಇದ್ದದ್ದು.

ಎರಡನೆಯದು ನಿಜ. ಮೊದಲನೆಯದು ಅವನು ಮಾಡಿದ್ದಲ್ಲ.

ಟೆಲಿಗ್ರಾಂ ಕಳಿಸಿದವಳು ನಾನು.

ಬರೆದೆ. ಯಾವ ಭಾಷೆಯಲ್ಲೂ ಇದನ್ನು ಬರೆದಿರಲಿಲ್ಲ. ಮೆಶಿನ್ ನಿಂತಿದೆ.

ನವೆಂಬರ್ 13. ಬುಧವಾರ

ಆಫೀಸಿನಲ್ಲಿ ಫಿಕಾ, ಇಲ್ಲಿಯವರ ಕಾಫಿ ಬಿಡುವು. ಕಾಫಿ, ದಾಲ್ಚಿನ್ನಿ ಬನ್ನು. ಹವಾಮಾನದ ಮಾತು ಮುಗಿದ ಮೇಲೆ ಎಲ್ಲರೂ ಕಾಫಿ ಕಪ್ ನೋಡುತ್ತ ಕುಳಿತೆವು. ಇಲ್ಲಿ ಮೌನಕ್ಕೆ ಯಾರೂ ಮುಜುಗರಪಡುವುದಿಲ್ಲ. ನನಗೆ ಮೊದಲು ಇಷ್ಟವಾದದ್ದೇ ಅದು. ಯಾರೂ ಕೇಳದಿದ್ದರೆ ಹೇಳಬೇಕಾಗಿಲ್ಲ.

ಮನೆಗೆ ಬಂದು ಅರ್ಜಿಯ ಕರಡು. ಅಣ್ಣ ತುಂಡು ತುಂಡಾಗಿ ಹೇಳಿ ಕಳಿಸುತ್ತಾನೆ, ನಡುನಡುವೆ ಗೇಟಿಗೆ ಬಂದ ಕಾರುಗಳ ಹಾರ್ನು. ನಾನು ಇಂಗ್ಲಿಷ್ ಮಾಡುತ್ತೇನೆ. 'ಅರ್ಜಿದಾರನು ತನ್ನ ತಂದೆಯ ಮರಣದ ಬಗ್ಗೆ ಸುಳ್ಳು ಟೆಲಿಗ್ರಾಂ ಕಳಿಸುವಂತೆ ಏರ್ಪಾಟು ಮಾಡಿದನು. ಆಗ ಅವನಿಗೆ ಇಪ್ಪತ್ತಾರು ವರ್ಷ. ಅದಕ್ಕಾಗಿ ಈಗಲೂ ಪಶ್ಚಾತ್ತಾಪ ಪಡುತ್ತಾನೆ.'

ಅವನು ಇದನ್ನು ನನಗೆ ಹೇಳಿ ಬರೆಸುತ್ತಿದ್ದಾನೆ. ನನಗೆ. ದನಿಯಲ್ಲಿ ಒಂದು ಎಳೆಯೂ ಅಲುಗಲಿಲ್ಲ.

ನಾನು ಟೈಪ್ ಮಾಡಿದೆ. ಕಾಮಾ ಸರಿ ಮಾಡಿದೆ.

ನವೆಂಬರ್ 16. ಶನಿವಾರ

ನಡೆದದ್ದನ್ನು ಕ್ರಮವಾಗಿ ಬರೆಯಬೇಕು. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ, ಆಫೀಸಿನ ಇನ್ಸಿಡೆಂಟ್ ರಿಪೋರ್ಟಿನಂತೆ ಆಯಿತು. ಹರಿದೆ. ಕಾನ್ವೆಂಟಿನಲ್ಲಿ ಓದಿದವಳ ಕನ್ನಡ ಇದು, ಇರುವಷ್ಟರಲ್ಲಿ ಬರೆಯುತ್ತೇನೆ.

ಮಾರ್ಚ್ 2002. ಹರಿಹರ. ನಾನು ಇಂಜಿನಿಯರಿಂಗ್ ಕೊನೆಯ ವರ್ಷ. ಅಪ್ಪ ಹುಬ್ಬಳ್ಳಿಯ ಒಂದು ಸಂಬಂಧ ನೋಡಿ ಮಾತು ಕೊಟ್ಟೇಬಿಟ್ಟಿದ್ದ. ಏಪ್ರಿಲ್‌ನಲ್ಲಿ ಮದುವೆ. ಪರೀಕ್ಷೆ ಜೂನ್‌ನಲ್ಲಿ. ಓದು ಆಮೇಲೆ ಬೇಕಾದರೆ ಮುಗಿಸಬಹುದು ಎಂದ, ಬೇಕಾದರೆ ಎನ್ನುವಾಗ ಅಪ್ಪ ನನ್ನ ಮುಖ ನೋಡಲಿಲ್ಲ. ಅಪ್ಪನ ಎದುರು ನಿಂತು ಮಾತನಾಡಬಲ್ಲವನು ಅಣ್ಣ ಒಬ್ಬನೇ. ಅವನು ವಿಶಾಖಪಟ್ಟಣದಲ್ಲಿ. ಕಾಗದ ಬರೆದೆ. ಹಡಗು ಹೊರಡುವುದಿದೆ, ರಜೆ ಸಿಗುವುದಿಲ್ಲ ಎಂದು ಉತ್ತರ ಬಂತು.

ಹಿಂದಿನ ಸಲ ಊರಿಗೆ ಬಂದಾಗ ಅವನೇ ಹೇಳಿ ನಗಿಸಿದ್ದ. ಹಡಗಿನ ಹುಡುಗರು ಊರಿಂದ 'ಫಾದರ್ ಸೀರಿಯಸ್' ಟೆಲಿಗ್ರಾಂ ಎಷ್ಟು ತರಿಸಿದ್ದಾರೆಂದರೆ ಈಗ ಸಾಹೇಬರು ಓದುವುದೇ ಇಲ್ಲವಂತೆ. "ಸೀರಿಯಸ್‌ಗೆಲ್ಲಾ ಈಗ ರಜೆ ಇಲ್ಲ. ಸತ್ರೆ ಮಾತ್ರ ಅವತ್ತೇ ಬಿಡ್ತಾರೆ."

ನಾನು ಅದನ್ನು ನೆನಪಿಟ್ಟುಕೊಂಡಿದ್ದೆ.

ದಾವಣಗೆರೆಯ ತಾರ್ ಆಫೀಸು. ಕಾಲೇಜು ಬ್ಯಾಗು ಹೆಗಲಲ್ಲಿತ್ತು. ಫಾರಂ ತುಂಬಿದೆ. ಕೌಂಟರಿನ ಹೆಂಗಸು ಓದಿ, ನನ್ನನ್ನು ನೋಡಿ, ಗಾಜಿನ ಕೆಳಗಿನಿಂದ ಕೈ ಚಾಚಿ ನನ್ನ ಮುಂಗೈ ಒತ್ತಿದಳು. ಕುಡಿಯಲು ನೀರು ಕೊಟ್ಟಳು. ಕುಡಿದೆ.

ಆ ನೀರು ಕುಡಿದದ್ದೇ ಹೆಚ್ಚು ಕಾಡುತ್ತದೆ. ಏಕೆಂದು ಗೊತ್ತಿಲ್ಲ.

ನವೆಂಬರ್ 20. ಬುಧವಾರ. ಮಧ್ಯಾಹ್ನ

ಲಂಚ್ ಬಿಡುವಿನಲ್ಲಿ ರಾಜಗೋಪಾಲರ ಫೋನು. ಕರಡು ಓದಿದ್ದಾರೆ. ಭಾಷೆ ತುಂಬಾ ಚೆನ್ನಾಗಿದೆ ಎಂದರು, ಆ ದನಿಯಲ್ಲೇ ಮುಂದೆ ಏನು ಬರುತ್ತದೆಂದು ಗೊತ್ತಾಯಿತು.

"ನೋಡಿ ಮೇಡಂ, ಇಪ್ಪತ್ತೆರಡು ವರ್ಷ ಆದ್ಮೇಲೆ ಬಂದು ತಪ್ಪಾಯ್ತು ಅಂದ್ರೆ ಯಾರೂ ಕೇಳಲ್ಲ. ಗಡುವು ಯಾವತ್ತೋ ಮುಗಿದಿದೆ. ಕಾನೂನು ಕಾಯ್ತಾ ಕೂರಲ್ಲ, ಬಾಗ್ಲು ಹಾಕ್ಕೊಂಡ್ ಬಿಡತ್ತೆ. ತೆಗೆಸ್ಬೇಕು ಅಂದ್ರೆ ಹೊಸ ಸಂಗತಿ ಬೇಕು. ಆವಾಗ ಅವ್ರ ಮುಂದೆ ಇಲ್ದೇ ಇದ್ದ ಒಂದು ವಿಷ್ಯ, ಒಬ್ಬ ಸಾಕ್ಷಿ. ಏನಾದ್ರೂ ಇದೆಯಾ ಮನೇಲಿ?"

ಇಲ್ಲ ಎಂದೆ.

ಎಷ್ಟು ಬೇಗ ಹೇಳಿದೆ. ಯೋಚಿಸಿ ಹೇಳಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ, ನಾಲಿಗೆಗೆ ತಾನಾಗಿ ಬಂತು.

ನವೆಂಬರ್ 21

ಮೂರೂವರೆಗೆ ಕತ್ತಲು. ಹಸಿವಿಲ್ಲ.

ಡಿಸೆಂಬರ್ 1. ಭಾನುವಾರ

ಎಲ್ಲ ಕಿಟಕಿಗಳಲ್ಲಿ ಕಾಗದದ ನಕ್ಷತ್ರ, ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ದೀಪ. ನಾನೂ ಒಂದು ಕೊಂಡು ತಂದಿದ್ದೇನೆ, ಹಚ್ಚದಿದ್ದರೆ ಕಟ್ಟಡದಲ್ಲಿ ನಮ್ಮದೊಂದೇ ಕಿಟಕಿ ಕಪ್ಪಗೆ ಕಾಣುತ್ತದೆ. ನಮ್ಮದು ಎಂದು ಬರೆದೆ. ನನ್ನದು. ಗಂಡ ರಘುನಾಥ ನನ್ನನ್ನು ಬಿಟ್ಟು ಸ್ಟಾಕ್‌ಹೋಮಿನ ಕಿಸ್ಟಾದಲ್ಲಿ ಮನೆ ಮಾಡಿ ಆರು ವರ್ಷವಾಯಿತು, ಮಗಳು ಕೃತಿ ಲಿಂಕೋಪಿಂಗ್‌ಗೆ ಓದಲು ಹೋಗಿ ಒಂದು.

ಈ ಊರಿನ ಕನ್ನಡಿಗರು ವಿಶಾಲ್-ಲಾವಣ್ಯಾ ಮನೆಯಲ್ಲಿ ತಡವಾದ ರಾಜ್ಯೋತ್ಸವ. ಹನ್ನೊಂದು ಜನ, ಬಿಸಿಬೇಳೆಬಾತು, ಟಿವಿಯ ಮೇಲೆ ಬಾವುಟ. ಮಕ್ಕಳು ಸ್ವೀಡಿಷ್‌ನಲ್ಲಿ ಜಗಳವಾಡುತ್ತಿದ್ದವು. ಲಾವಣ್ಯಾ ಎಲ್ಲರೆದುರು ಕೇಳಿದಳು, ನಿಮ್ಮ ಅಣ್ಣ ನೇವಿಯಲ್ಲಿದ್ದರಲ್ಲವಾ, ಈ ಊರಿಗೆ ಬಂದರೆ ಖುಷಿಪಡುತ್ತಾರೆ ನೋಡಿ ಎಂದು. ಹೌದು, ರಿಟೈರ್ ಆಗಿದ್ದಾರೆ ಎಂದೆ.

ಇನ್ನೊಂದು ಸುಳ್ಳು. ಇದಕ್ಕೆ ಯಾರೂ ಒತ್ತಾಯ ಮಾಡಿರಲಿಲ್ಲ.

ಬಾತು ಡಬ್ಬಿಯಲ್ಲಿ ಹಾಕಿಕೊಟ್ಟಳು. ಫ್ರಿಜ್ಜಿನಲ್ಲಿದೆ.

ಡಿಸೆಂಬರ್ 4. ಬುಧವಾರ

ನಮ್ಮ ದೇಶದಲ್ಲಿ ಇವತ್ತು ನೌಕಾಪಡೆ ದಿನ. ಅಣ್ಣನ ಸ್ಟೇಟಸ್ಸಿನಲ್ಲಿ ಪ್ರತಿ ವರ್ಷದ ಹಾಗೆ ಒಂದು ಹಡಗಿನ ಚಿತ್ರ. ಕೆಳಗೆ ಏನೂ ಬರೆಯುವುದಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವ್ವನಿಗೆ ಫೋನು. ಅಪ್ಪ ಹೋದ ಮೇಲೆ ಅವ್ವ ಅಣ್ಣ-ಅತ್ತಿಗೆಯ ಜೊತೆ ಇದ್ದಾಳೆ. ಅತ್ತಿಗೆ ಪ್ರಫುಲ್ಲಾ ಫೋನನ್ನು ಸ್ಪೀಕರಿಗೆ ಹಾಕಿ ದೋಸೆ ಹುಯ್ಯುತ್ತಿದ್ದಳು. ಅಣ್ಣ ಅರ್ಜಿಯ ವಿಷಯ ಮನೆಯಲ್ಲಿ ಹೇಳಿದ್ದಾನೆ. ಅವ್ವ ಹೇಳಿದ್ದು ಇದು: "ಈಗ್ಯಾಕಂತೆ ಅವ್ನಿಗೆ ಮರ್ಯಾದೆ? ಬದುಕಿದ್ದಪ್ಪಂಗೆ ತಲೆ ಬೋಳಿಸ್ಕಂಡು ಬಂದೋನು."

ಅಣ್ಣ ಅಲ್ಲೇ ಇದ್ದ. ತಟ್ಟೆಯ ಸದ್ದು ಕೇಳಿಸುತ್ತಿತ್ತು. ಅತ್ತಿಗೆ, "ತಿನ್ನೋ ಹೊತ್ನಾಗೆ ಯಾಕತ್ತೆ" ಎಂದಳು. ಇದು ಆ ಮನೆಯಲ್ಲಿ ವಾರಕ್ಕೊಮ್ಮೆ ನಡೆಯುವ ಮಾತು ಎಂದು ಅವಳ ದನಿಯಿಂದಲೇ ತಿಳಿಯಿತು.

ಅವತ್ತಿನದು ಬರೆಯದೆ ಗತಿಯಿಲ್ಲ.

ಟೆಲಿಗ್ರಾಂ ಕಳಿಸಿ ಮೂರನೇ ದಿನ. ಬೆಳಿಗ್ಗೆ ಹತ್ತು. ಅಪ್ಪ ಕಟ್ಟೆಯ ಮೇಲೆ ಕುಳಿತು ಪೇಪರ್ ಓದುತ್ತಿದ್ದ. ಗೇಟು ಕಿರುಗುಟ್ಟಿತು. ಅಣ್ಣ. ಕೈಯಲ್ಲಿ ಕ್ಯಾನ್ವಾಸ್ ಬ್ಯಾಗು. ತಲೆ ನುಣ್ಣಗೆ. ಗಡ್ಡ ಮೀಸೆ ಇಲ್ಲ. ಹಡಗಿನಲ್ಲಿ ಗಡ್ಡ ಬಿಡಲೂ ಅನುಮತಿ ಬೇಕು, ತೆಗೆಯಲೂ ಬೇಕು ಎಂದು ಜಂಬ ಪಡುತ್ತಿದ್ದ ಗಡ್ಡ. ಬೋಳು ತಲೆಯ ಮೇಲೆ ಎರಡು ಕಡೆ ಬ್ಲೇಡಿನ ಗಾಯ. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ಸ್ಟೇಷನ್ನಿನ ಹೊರಗೆ ಮಾಡಿಸಿಕೊಂಡದ್ದು. ಮೂರು ದಿನಕ್ಕೆ ಹೆಣ ಕಾಯುವುದಿಲ್ಲ, ಬೆಂಕಿ ಬೇರೆಯವರು ಇಟ್ಟಿರುತ್ತಾರೆ, ಕ್ಷೌರವಾದರೂ ಮುಗಿಸಿಕೊಂಡು ಮನೆಗೆ ಹೋಗೋಣ ಎಂದು.

ಅಪ್ಪ ಪೇಪರ್ ಇಳಿಸಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಪ್ಪನಿಗೆ ಏನೂ ಹೇಳಬೇಕಾಗಲಿಲ್ಲ. ಮಗನ ತಲೆ ನೋಡಿದ, ಮನೆಯೊಳಗೆ ಅವ್ವ ಬದುಕಿ ಓಡಾಡುತ್ತಿರುವ ಸದ್ದು ಕೇಳಿದ. ಉಳಿದದ್ದು ಯಾರು ಎಂದು ಲೆಕ್ಕ ಹಾಕಲು ಎಷ್ಟು ಹೊತ್ತು.

"ಯಾರಿಗಪ್ಪಾ ಬೋಳಿಸ್ಕಂಡೆ?" ಎಂದ. ಮೆಲ್ಲಗೆ.

ನಾನು ಬಾಗಿಲ ಒಳಗೆ. ಅಣ್ಣ ಅಪ್ಪನ ಭುಜದ ಮೇಲಿನಿಂದ ನನ್ನನ್ನು ಒಂದು ಸಲ ನೋಡಿದ. ಆಮೇಲೆ ಹೇಳಿದ, "ರಜೆ ಕೊಡ್ತಿರ್ಲಿಲ್ಲಪ್ಪಾ. ನಾನೇ ಒಬ್ರ ಕೈಲಿ ಟೆಲಿಗ್ರಾಂ ಹೊಡೆಸಿದೆ."

ಅಪ್ಪ ಎದ್ದು ಒಳಗೆ ಹೋದ. ಮತ್ತೆ ಒಂಬತ್ತು ವರ್ಷ ಬದುಕಿದ್ದ, ಅಣ್ಣನ ಜೊತೆ ಮಾತನಾಡಲಿಲ್ಲ.

ಅಣ್ಣ ಹಟ ಹಿಡಿದು ಮನೆಯಲ್ಲೇ ಉಳಿದ. ರಜೆ ಮುಗಿಯಿತು, ಹೋಗಲಿಲ್ಲ. ಹುಬ್ಬಳ್ಳಿಗೆ ತಾನೇ ಹೋಗಿ ಸಂಬಂಧ ಬಿಡಿಸಿ ಬಂದ. ಆ ಅಪವಾದವೂ ಅವನಿಗೇ. ನನ್ನ ಪರೀಕ್ಷೆಯ ಫೀಸು ಕಟ್ಟಿದ ಮಾರನೆಯ ದಿನ ಹೊರಟ. ಹಡಗಿನಲ್ಲಿ ಮರಣಪತ್ರ ಕೇಳಿದರು. ಎಲ್ಲಿಂದ ತರುತ್ತಾನೆ. ಅಲ್ಲಿಯೂ ಅದನ್ನೇ ಹೇಳಿದ — ನಾನೇ ಹೊಡೆಸಿದೆ. ಮೊದಲೇ ಅವನ ಹೆಸರಿನಲ್ಲಿ ಎರಡು ಹೊಡೆದಾಟ ಇದ್ದವು. ಮುಗಿಯಿತು.

ನಾನು ಬಾಗಿಲ ಒಳಗೆ ಇದ್ದೆ. ಹತ್ತು ಹೆಜ್ಜೆ.

ಡಿಸೆಂಬರ್ 8. ಭಾನುವಾರ

ಫೆರಿಯ ಮೇಲಿನಿಂದಲೇ ಅಣ್ಣನಿಗೆ ಫೋನು ಮಾಡಿದೆ. ಗಾಳಿ. ರಾಜಗೋಪಾಲರಿಗೆ ನಿಜ ಹೇಳುತ್ತೇನೆ, ಪ್ರಮಾಣಪತ್ರ ಬರೆದುಕೊಡುತ್ತೇನೆ ಎಂದೆ. ಮೊದಲ ಬಾರಿ ಇದು ನಮ್ಮಿಬ್ಬರ ನಡುವೆ ಮಾತಾಗಿ ಬಂತು. ಆ ಕಡೆ ಅವನು ಗೇಟು ತೆಗೆದು ಮುಚ್ಚಿದ ಸದ್ದು.

"ಬ್ಯಾಡ," ಎಂದ.

"ಯಾಕಣ್ಣ?"

"ಅವ್ವ ಐತೆ ಇನ್ನೂ. ಅವ್ವಗೆ ಒಂದ್ ಮಗೂನಾದ್ರೂ ನೆಟ್ಟಗೆ ಐತೆ ಅಂತ ಇರ್ಲಿ."

ನಿನಗೆ ಅವತ್ತೇ ಗೊತ್ತಿತ್ತಾ, ಕಟ್ಟೆಯ ಹತ್ತಿರ ನನ್ನನ್ನು ನೋಡಿದಾಗ ಗೊತ್ತಾಯಿತಾ ಎಂದು ಕೇಳಿದೆ. ಅವನು ನಕ್ಕ.

"ಹಡಗಿನಾಗೇ ಗೊತ್ತಾತು ಕಣವ್ವಾ. ಟೆಲಿಗ್ರಾಂನಾಗೆ ಏನ್ ಬರ್ದಿದ್ದೆ ಹೇಳು? ಫಾದರ್ ಎಕ್ಸ್‌ಪೈರ್ಡ್ ದಿಸ್ ಮಾರ್ನಿಂಗ್, ಪ್ಲೀಸ್ ಕಮ್ ಅಟ್ ಒನ್ಸ್. ಸತ್ತ ಸುದ್ದಿನಾಗೆ ಪ್ಲೀಸ್ ಅಂತ ಯಾವನು ಹಾಕ್ತಾನೆ? ಕಾನ್ವೆಂಟ್‌ನೋರೇ ಹಾಕ್ಬೇಕು."

ನನಗೂ ನಗು ಬಂತು. ಅಳುವೂ. ಪಕ್ಕದಲ್ಲಿ ಸೈಕಲ್ ಹಿಡಿದು ನಿಂತಿದ್ದ ಮುದುಕಿ ಆ ಕಡೆ ತಿರುಗಿಕೊಂಡಳು.

ಗೊತ್ತಿದ್ದೂ ಏಕೆ ಬೋಳಿಸಿಕೊಂಡೆ ಎಂದೆ.

"ವಾಪಸ್ ಹೋದಾಗ ತಲೆ ತುಂಬಾ ಕೂದ್ಲಿದ್ರೆ ಅಪ್ಪ ಸತ್ತಾನೆ ಅಂತ ಯಾರ್ ನಂಬ್ತಾರೆ? ನಿನ್ ಸುಳ್ಳು ನಿಲ್ಲಿಸಾಕೆ ಬೋಳಿಸ್ಕಂಡೆ. ಮನೆ ಹತ್ರ ಬಂದಾಗ ಟೋಪಿ ಹಾಕ್ಕಂಡು ಹಿತ್ಲಿಂದ ಒಳಗ್ ಹೋಗ್ಬೇಕು ಅಂತ ಇದ್ದೆ. ಬಸ್ಸಿನಾಗೆ ಬಿಟ್ಟೆ ನೋಡು, ಟೋಪಿ."

ಇದು ನಿಜವೇ? ಅಥವಾ ನನ್ನ ಹೊರೆ ಇಳಿಸಲು ಈಗ ಕಟ್ಟಿದ್ದೇ? ಆ ಎರಡು ಗಾಯ ನೆನಪಿದೆ. ಅಪ್ಪ ಬದುಕಿದ್ದಾನೆಂದು ಗೊತ್ತಿರುವವನು ಅಷ್ಟು ಅವಸರದಲ್ಲಿ ಕೂರುತ್ತಾನೆಯೇ? ಗೊತ್ತಿಲ್ಲ. ಕೇಳಿದರೂ ಹೇಳುವವನಲ್ಲ.

ಫೋನು ಇಡುವ ಮೊದಲು, "ಮೂವತ್ತೆಂಟು ದಿನ ನಾನೇ ಉಳ್ಕಂಡಿದ್ದು. ಅದನ್ನ ನಿನ್ ತಲೆಗೆ ಹಾಕ್ಕೋಬ್ಯಾಡ" ಎಂದ.

ಡಿಸೆಂಬರ್ 22. ಭಾನುವಾರ

ಕೃತಿ ಬಂದಿದ್ದಾಳೆ. ಮನೆಯಲ್ಲಿ ಶೂ, ಚಾರ್ಜರ್, ಒದ್ದೆ ಟವೆಲ್. ಒಂದು ವಾರದ ಶ್ರೀಮಂತಿಕೆ.

ಅವಳಿಗೆ ಹೇಳಿದೆ. ಚಪಾತಿ ಲಟ್ಟಿಸುತ್ತ, ಅವಳ ಮುಖ ನೋಡದೆ. ಕನ್ನಡದಲ್ಲಿ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಟೆಲಿಗ್ರಾಂ ಎಂದರೆ ಮೆಸೇಜ್ ತರಹವಾ, ಡಿಲೀಟ್ ಮಾಡಲು ಆಗುತ್ತಿರಲಿಲ್ಲವಾ. ಆಮೇಲೆ, ಮಾಮ ವಿಡಿಯೋದಲ್ಲಿ ಯಾವಾಗಲೂ ಟೋಪಿ ಹಾಕಿಕೊಂಡೇ ಇರುತ್ತಾನಲ್ಲ, ಅದಕ್ಕಾ ಎಂದಳು.

ನಾನು ಅದನ್ನು ಗಮನಿಸಿರಲೇ ಇಲ್ಲ. ಸೆಕ್ಯುರಿಟಿ ಟೋಪಿ ಎಂದುಕೊಂಡಿದ್ದೆ. ಮನೆಯೊಳಗೂ, ಊಟಕ್ಕೆ ಕುಳಿತಾಗಲೂ ಹಾಕಿರುತ್ತಾನೆ.

"ಮೊರ್ಮೋರ್‌ಗೆ ಗೊತ್ತಾ?" ಎಂದಳು. ಅಮ್ಮನ ಅಮ್ಮನಿಗೆ ಅವಳು ಇಟ್ಟ ಹೆಸರು ಅದು, ಇಲ್ಲಿಯದು.

"ಇಲ್ಲ."

"ದೆನ್ ವೈ ಆರ್ ಯು ಟೆಲಿಂಗ್ ಮೀ ಫಸ್ಟ್?"

ನೀನು ಹತ್ತಿರ ಇದ್ದೀಯ ಎಂದು. ನೀನು ಕ್ಷಮಿಸಿದರೆ ಸುಲಭ ಎಂದು. ಹೇಳಲಿಲ್ಲ. ಚಪಾತಿ ಸುಟ್ಟಿತು.

ಜನವರಿ 20, 2025. ಸೋಮವಾರ. ರೈಲಿನಲ್ಲಿ

ಆಲ್ವೆಸ್ತಾದಲ್ಲಿ ಬದಲಿಸಿ ಸ್ಟಾಕ್‌ಹೋಮ್ ಕಡೆಗೆ. ಹೊರಗೆ ಬಿಳಿ, ಬರ್ಚ್ ಮರ, ಬಿಳಿ. ನಾಳೆ ಎಂಬೆಸಿಯಲ್ಲಿ ಅಧಿಕಾರಿಯ ಎದುರು ಪ್ರಮಾಣಪತ್ರಕ್ಕೆ ಸಹಿ. ರಾಜಗೋಪಾಲರಿಗೆ ಹೋದ ವಾರವೇ ಫೋನು ಮಾಡಿ ನಿಜ ಹೇಳಿದೆ. ಅವರು ಬೈಯಲಿಲ್ಲ. "ಅವತ್ತು ಕೇಳ್ದಾಗ ಇಲ್ಲ ಅಂದ್ರಲ್ಲ" ಎಂದರು ಅಷ್ಟೇ. ಹಳೆಯ ಕಡತದ ನಕಲಿನಲ್ಲಿ ಟೆಲಿಗ್ರಾಂ ಇದೆಯಂತೆ. ಪ್ಲೀಸ್ ಇದೆಯಂತೆ.

ಅಣ್ಣನಿಗೂ ಹೇಳಿದೆ. ಕೇಳುತ್ತಿಲ್ಲ ಅಣ್ಣ, ತಿಳಿಸುತ್ತಿದ್ದೇನೆ ಎಂದೆ. ಅವನು ಫೋನು ಇಟ್ಟ.

ಇನ್ನೊಂದು ಉಳಿದಿದೆ ಬರೆಯಲು.

2011. ಅಪ್ಪ ನಿಜವಾಗಿ ಹೋದ. ಇಲ್ಲಿಂದ ಹಾರಿ ಹೊತ್ತಿಗೆ ಸರಿಯಾಗಿ ತಲುಪಿದ್ದೆ. ತುಂಗಭದ್ರೆಯ ದಂಡೆ. ಕ್ಷೌರಿಕ ಚಾಪೆ ಹಾಸಿ, ಮಗ ಯಾರು ಎಂದು ಕೇಳಿದ. ಅಣ್ಣ ಅಂಗಿ ಬಿಚ್ಚಿ ಮುಂದೆ ಬಂದ. ಸೋದರಮಾವ ಕೈ ಅಡ್ಡ ಹಿಡಿದ. "ನಿಂದು ಒಂಬತ್ತು ವರ್ಷದ ಹಿಂದ್ಲೇ ಆಗೈತಲ್ಲಪ್ಪಾ." ಅಪ್ಪ ಹಾಗೆ ಹೇಳಿಟ್ಟಿದ್ದನಂತೆ. ಚಿಕ್ಕಪ್ಪನ ಮಗ ಕುಳಿತ. ಅಣ್ಣ ಅಂಗಿ ಹಾಕಿಕೊಂಡು ದೂರದಲ್ಲಿ, ಬೈಕುಗಳು ನಿಂತಿದ್ದ ಕಡೆ ಹೋಗಿ ನಿಂತ.

ಅವತ್ತು ನಾನು ಮೂವತ್ತು ವರ್ಷದವಳು. ಕೆಲಸವಿತ್ತು, ಪಾಸ್‌ಪೋರ್ಟ್ ಇತ್ತು. ಮದುವೆ ಮಾಡಿಬಿಡುತ್ತಾರೆಂಬ ಹೆದರಿಕೆ ಇರಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿಗೆ ನೆಪವಿದೆ. ದಂಡೆಯ ಮೇಲೆ ನಿಂತವಳಿಗೆ ಯಾವುದು?

ಪ್ರಮಾಣಪತ್ರದಲ್ಲಿ ಇದಕ್ಕೆ ಜಾಗವಿಲ್ಲ. ಸೇವೆಗೆ ಸಂಬಂಧಿಸಿದ್ದಲ್ಲ ಎಂದರು ರಾಜಗೋಪಾಲ.

ಜನವರಿ 26. ಭಾನುವಾರ. ಬೆಳಿಗ್ಗೆ 11

ಅವ್ವನಿಗೆ ಹೇಳಿದೆ. ಸಹಿಯಾದ ಕಾಗದ ಮೇಜಿನ ಮೇಲೆ, ಅಂಚೆಗೆ ಹಾಕುವ ಮೊದಲು ಅವಳಿಗೆ ಹೇಳಬೇಕು ಎಂದು ಎಣಿಸಿದ್ದೆ. ಸ್ಪೀಕರ್ ಆಫ್ ಮಾಡಲು ಅತ್ತಿಗೆಗೆ ಹೇಳಿದೆ. ಏಳೆಂಟು ವಾಕ್ಯ. ಪೂರ್ತಿ ಕೇಳಿದಳು. ಒಂದೇ ಪ್ರಶ್ನೆ ಕೇಳಿದಳು.

"ಅವತ್ತು ನದಿ ಹತ್ರ ನೀನಿದ್ದೆ ಅಲ್ವಾ?"

"ಇದ್ದೆ ಅವ್ವಾ."

ಅತ್ತಿಗೆ ಫೋನು ತೆಗೆದುಕೊಂಡಳು. ಆಮೇಲೆ ಮಾಡ್ತೀನಿ ಎಂದಳು.

ಲಕೋಟೆ ಅಂಟಿಸಿದೆ. ತೂಕ ಹೆಚ್ಚಿಲ್ಲ.

ಫೆಬ್ರುವರಿ 2. ಭಾನುವಾರ

ಅವ್ವ ಸ್ನಾನಕ್ಕೆ ಹೋಗಿದ್ದಾಳೆ ಎಂದಳು ಅತ್ತಿಗೆ.

ಫೆಬ್ರುವರಿ 9. ಭಾನುವಾರ

ಮಲಗಿದ್ದಾಳೆ.

ಫೆಬ್ರುವರಿ 16. ಭಾನುವಾರ

ಅತ್ತಿಗೆ ಇವತ್ತು ಕಾರಣ ಹೇಳಲಿಲ್ಲ. "ನೀರಜಾ, ಸ್ವಲ್ಪ ದಿನ ಬಿಡು" ಎಂದಳು. ಮತ್ತೆ ದನಿ ತಗ್ಗಿಸಿ ಹೇಳಿದಳು. ಆ ಮಾತು, ಬೋಳಿಸಿಕೊಂಡು ಬಂದವನು ಎನ್ನುವುದು, ಮೂರು ವಾರದಿಂದ ಮನೆಯಲ್ಲಿ ಬಂದಿಲ್ಲವಂತೆ. ಅವ್ವ ಅಣ್ಣನ ಜೊತೆಯೂ ಹೆಚ್ಚು ಮಾತನಾಡುವುದಿಲ್ಲ. ಅವನು ಡ್ಯೂಟಿಯಿಂದ ಬರುವವರೆಗೆ ತಾನೂ ತಟ್ಟೆ ಮುಟ್ಟುವುದಿಲ್ಲವಂತೆ.

ಫೆರಿ. ಸಮುದ್ರದ ಅಂಚಿಗೆ ಮಂಜುಗಡ್ಡೆ. ಫೆರಿಯವನು ಬದಲಾಗಿದ್ದಾನೆ.

ಮೇ 11. ಭಾನುವಾರ

ಸೈನಿಕ ನ್ಯಾಯಮಂಡಳಿಯಲ್ಲಿ ಅರ್ಜಿ ಸ್ವೀಕಾರವಾಯಿತು. ತಡವಾದದ್ದನ್ನು ಮನ್ನಿಸಿದ್ದಾರೆ. ಹೊಸ ಸಂಗತಿ ಇರುವುದರಿಂದ ವಿಚಾರಣೆಗೆ ಇಡುತ್ತಾರಂತೆ. ಸಾಕ್ಷಿಯನ್ನು ವಿಡಿಯೋದಲ್ಲಿ ಕೇಳುವ ಸಾಧ್ಯತೆ ಇದೆ. ರಾಜಗೋಪಾಲ ಎಚ್ಚರಿಸಿದರು: ಮೂವತ್ತೆಂಟು ದಿನ ಇದ್ದೇ ಇದೆ, ಪೂರ್ತಿ ಗೆಲುವು ಕಾಣಬೇಡಿ. ಆ ಪದ ಬದಲಾದರೆ ಸಾಕು ಎಂದೆ.

ಭಾನುವಾರ ಹನ್ನೊಂದಕ್ಕೆ ಫೋನು ಕೈಗೆ ತೆಗೆದುಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. ಮಾಡುವುದಿಲ್ಲ. ಹಿಡಿದು ಕೂರುತ್ತೇನೆ.

ಜೂನ್ 21

ಮಿಡ್‌ಸಮ್ಮರ್ ರಜೆ. ಊರು ಖಾಲಿ. ಬೆಳಕು ಮುಗಿಯುವುದೇ ಇಲ್ಲ. ಇವತ್ತು ಆಸ್ಪೋದಲ್ಲಿ ಇಳಿದೆ. ಒಂದು ಕಲ್ಲಿನ ಮೇಲೆ ಕುಳಿತು ಸ್ಟ್ರಾಬೆರಿ ತಿಂದೆ. ವಾಪಸ್ ಬರುವ ಫೆರಿಯಲ್ಲಿ ನಾನೊಬ್ಬಳೇ.

ಸೆಪ್ಟೆಂಬರ್ 16. ಮಂಗಳವಾರ

ನಾಳೆ ವಿಚಾರಣೆ. ಇಲ್ಲಿ ಬೆಳಿಗ್ಗೆ ಏಳೂವರೆ, ಅಲ್ಲಿ ಹನ್ನೊಂದು. ಅಣ್ಣ ಬೆಂಗಳೂರಿಗೆ ಬಂದಿದ್ದಾನೆ, ರಾಜಗೋಪಾಲರ ಆಫೀಸಿನಿಂದ ಸೇರುತ್ತಾನೆ. ಏನು ಹೇಳಬೇಕೆಂದು ಮೂರು ಸಲ ಓದಿದೆ. ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿದ್ದೆ. ಇಂಗ್ಲಿಷಿನಲ್ಲೇ ಹೇಳಿ, ನಿಮಗೇನು ಕಷ್ಟ ಎಂದರು.

ಸಂಜೆ ಅಣ್ಣನ ಮೆಸೇಜು. ಡಿಸೆಂಬರಿನ ನಂತರ ಅವನಾಗಿ ಕಳಿಸಿದ ಮೊದಲನೆಯದು. 'ಜಡ್ಜ್ ಮುಂದೆ ಪ್ಲೀಸ್ ಅನ್ನು. ಅಲ್ಲಿ ನಡೀತದೆ.'

ಸೆಪ್ಟೆಂಬರ್ 17. ಬುಧವಾರ. ಬೆಳಿಗ್ಗೆ 7.20

ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದೇನೆ. ಲಿಂಕ್ ತೆರೆದಿದೆ. ಕಾಯಿರಿ ಎಂದು ಬರುತ್ತಿದೆ. ಕೈ ಸುಮ್ಮನಿರಲೆಂದು ಬರೆಯುತ್ತಿದ್ದೇನೆ. ಅಡುಗೆಮನೆಯ ಮೇಜು, ನೀರಿನ ಲೋಟ. ನೀರು ಮುಟ್ಟಿಲ್ಲ.

7.34. ಚಿಕ್ಕ ಚಿಕ್ಕ ಚೌಕಗಳು ಬಂದವು. ಹಿಂದಿನ ಕೇಸು ನಡೆಯುತ್ತಿದೆ. ಒಂದು ಚೌಕದಲ್ಲಿ ರಾಜಗೋಪಾಲ, ಕಪ್ಪು ಕೋಟು. ಪಕ್ಕದಲ್ಲಿ ಅಣ್ಣ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಟೋಪಿ ಇಲ್ಲ. ಕೂದಲು ಅರ್ಧ ಬೆಳ್ಳಗಾಗಿದೆ, ನನಗೆ ಗೊತ್ತೇ ಇರಲಿಲ್ಲ.

ಅವನ ಹಿಂದೆ ಯಾರೋ ಕುರ್ಚಿ ಎಳೆದು ಕೂರುತ್ತಿದ್ದಾರೆ. ಹಸಿರು ಸೀರೆ. ಅವ್ವ. ಹರಿಹರದಿಂದ ಬಸ್ಸಿನಲ್ಲಿ ಬಂದಿದ್ದಾಳೆ, ಎಪ್ಪತ್ತಾರು ವರ್ಷದವಳು. ಯಾರೂ ಹೇಳಲಿಲ್ಲ ನನಗೆ.

ಸ್ಕ್ರೀನಿನ ಕಡೆ ನೋಡುತ್ತಿಲ್ಲ. ನನ್ನ ಚೌಕ ಯಾವುದೆಂದು ಅವಳಿಗೆ ಗೊತ್ತೋ ಇಲ್ಲವೋ.

ಅಣ್ಣನ ತಲೆಯ ಹಿಂದೆ ಕೂದಲು ಎದ್ದು ನಿಂತಿತ್ತು. ಅವ್ವ ಬೆರಳನ್ನು ನಾಲಿಗೆಗೆ ತಾಕಿಸಿ, ಕೈ ಚಾಚಿ, ಅದನ್ನು ಒತ್ತಿ ಕೂರಿಸಿದಳು. ಎರಡು ಸಲ. ಕೈ ತೆಗೆಯಲಿಲ್ಲ. ಅಣ್ಣ ಅಲುಗಲಿಲ್ಲ.

ನನ್ನ ಹೆಸರು ಕರೆಯುತ್ತಿದ್ದಾರೆ.